ಗಾಡಿ ಹೊತ್ತ ಗಾಡಿ

ನಂದಿದುರ್ಗವೆಂಬ ಹೆಸರು ನಮ್ಮ ಸೀಮೆಯಲ್ಲಿ ಎರಡು ಕಡೆ ಉಂಟು. ಒಂದು ಎಲ್ಲರೂ ಬಲ್ಲ ಬೆಟ್ಟ. ಸಮುದ್ರಮಟ್ಟಕ್ಕಿಂತ ೧,೪೭೮ ಮೀಟರು ಎತ್ತರದ್ದು. ಇನ್ನೊಂದು ಕೋಲಾರದ ಚಿನ್ನದ ಗಣಿ ಪ್ರದೇಶದ ನಂದಿದುರ್ಗ. ಬಾಲಾಘಾಟ್, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಎಂಬ ಗಣಿಗಳ ಸಾಲಿನಲ್ಲಿ ತಾನೂ ಒಂದಾಗಿದ್ದು, ಇಂದು ಗಣಿಯಿಲ್ಲದೆ ಊರಾಗಿ ಮಾತ್ರ ಉಳಿದಿರುವುದು. ಮೈಸೂರು ದೇಶವನ್ನು ಇಂಗ್ಲೀಷ್ ಕಮೀಷನರು ಆಳುತ್ತಿದ್ದ ಕಾಲದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ಸೇರಿ ನಂದಿದುರ್ಗ ವಿಭಾಗವೆನಿಸಿಕೊಂಡಿದ್ದುವು. ಗಣಿಯ ಕಂಪನಿಗಳು ಇಲ್ಲಿ ಬೇರೂರಿದಾಗ ಬೆಟ್ಟದ ಈ ಹೆಸರು ದೊಡ್ಡದೊಂದು ಸೀಮೆಯ ಹೆಸರಾಗಿಯೂ ಜನರ ಬಾಯಲ್ಲಿದ್ದಿತು. ಹೀಗೆ ಬೆಟ್ಟದ ಹೆಸರು ಪಾತಾಳಕ್ಕಿಳಿಯಿತು.

ಈ ಎರಡು ನಂದಿದುರ್ಗಗಳ ನಡುವೆ ಈಚೆಗೆ ಒಂದು ಹೊಸ ಬಗೆಯ ಸಂಚಾರ ಹುಟ್ಟಿಕೊಂಡಿದೆ. ಭಾನುವಾರದ ಬೆಳಗಿನ ಜಾವದಲ್ಲಿ ಬೆಟ್ಟದ ಕಡೆಗೆ ಹೋಗುವ ಕಾರುಗಳ ಬೆನ್ನಿಗೆ ಒಂದೋ ಎರಡೋ ಸೈಕಲ್ಲುಗಳು ಅಂಟಿಕೊಂಡಿರುವುದನ್ನು ನೀವು ಕಂಡಿರಬಹುದು. ಬೆಂಗಳೂರಿನವರಂತೂ ಸರಿಯೇ, ನಮ್ಮ ಬಂಗಾರಪೇಟೆ, ರಾಬರ್ಟ್‌ಸನ್ ಪೇಟೆಗಳ ತರುಣರಿಗೂ ಈ ಗೀಳು ಹತ್ತಿದೆ. ಬೆಟ್ಟದ ಬುಡದವರೆಗೆ ಸೈಕಲ್ಲನ್ನು ಕಾರು ಹೊರುವುದು, ಅಲ್ಲಿಂದ ಮೇಲಕ್ಕೆ ಸೈಕಲ್ಲು ಸವಾರನನ್ನು ಹೊರುವುದು. ಸೈಕಲ್ಲನ್ನು ಹೊರಲು ಕಾರಿನ ಹಿಂಭಾಗದ ಕೊಂಡಿಗೆ ಸಿಕ್ಕಿಸುವ ಒಂದು ಕಬ್ಬಿಣದ ಚೌಕಟ್ಟು ಬೇಕು. ಅಂಗಡಿಯವರು ಅದನ್ನು ರ್ಯಾಕು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಬಳಕೆಗೆ ಬಂದ ಮಾತಿನ ಮೇಲೆ ಪಂಡಿತರು ಪದ ಕಟ್ಟಿ ಹೇರುವುದು ನನಗೆ ಒಪ್ಪದು. ಎಂತಹ ರ್ಯಾಕನ್ನು ಕೊಳ್ಳಬೇಕೆಂಬ ಪ್ರಶ್ನೆ ನಿಮ್ಮ ಮನೆಯಲ್ಲಿಯೂ ಎದ್ದಿರಬಹುದು, ಇಲ್ಲವೆ ಮಗನೋ ಅಳಿಯನೋ ನಾಳೆ ಎಬ್ಬಿಸಬಹುದು.

ಕನ್ನಡ ಪಾಠ ಹೇಳುವವನಿಗೆ ಕಾರಿನ ಉಸಾಬರಿ ಏಕೆ ಎನ್ನುವಿರಾ? ಕಾರಣವಿದೆ. ಈ ಪ್ರಶ್ನೆಯ ಅರ್ಧ ಉತ್ತರ ನಮ್ಮ ಹಳೆಯ ಮಾತುಗಳಲ್ಲಿಯೇ ಅಡಗಿದೆ.

ಕನ್ನಡದಲ್ಲಿ ಭಾರಕ್ಕೆ ಒಂದೇ ಹೆಸರಲ್ಲ. ಮನುಷ್ಯ ತಲೆಯ ಮೇಲೆ ಇಟ್ಟುಕೊಳ್ಳುವುದು ಹೊರೆ. ಎತ್ತಿನ ಬೆನ್ನಿನ ಮೇಲೆ ಹಾಕುವುದು ಹೇರು; ಆ ಎತ್ತು ಹೇರೆತ್ತು. ರಸ್ತೆಗಳಿಲ್ಲದ ಕಾಲದಲ್ಲಿ ಲಂಬಾಣಿಗರು ಸಾವಿರಾರು ಹೇರೆತ್ತುಗಳ ಮೇಲೆ ಉಪ್ಪು, ದವಸಗಳನ್ನು ನಾಡಿನಿಂದ ನಾಡಿಗೆ ಸಾಗಿಸಿದರು. ದಂಡು ಹೊರಟರೆ ಅದರ ಹಿಂದೆ ದವಸ ಹೊತ್ತು ಹೊರಡುತ್ತಿದ್ದುದು ಇವೇ ಎತ್ತುಗಳು. ಹೇರಿನ ಗುಟ್ಟು ಒಂದೇ: ಎಡ ಬಲಗಳ ಚೀಲಗಳು ಸಮತೂಕವಾಗಿರಬೇಕು, ಬೆನ್ನಿಗೆ ಒತ್ತಿಕೊಂಡಿರಬೇಕು, ಜೋಲಾಡಬಾರದು. ಜೋಲಾಡುವ ಹೇರು ಎತ್ತಿನ ಬೆನ್ನನ್ನು ಹುಣ್ಣು ಮಾಡಿಬಿಡುತ್ತದೆ.

ಗಾಡಿಯ ಲೆಕ್ಕ ಬೇರೆ. ಗಾಡಿಯಲ್ಲಿ ಭಾರವನ್ನು ಹೊರುವುದು ಅಚ್ಚು ಮತ್ತು ಗಾಲಿ; ಎತ್ತು ಎಳೆಯುತ್ತದೆ ಅಷ್ಟೆ. ಮೂಕಿಯ ತುದಿಯ ನೊಗದ ಮೂಲಕ ಎತ್ತಿನ ಹೆಗಲಿಗೆ ಬರುವುದು ಒಟ್ಟು ಭಾರದ ಒಂದು ಸಣ್ಣ ಪಾಲು. ಆದುದರಿಂದಲೇ ಬೆನ್ನ ಮೇಲೆ ಎರಡು ಮೂಟೆ ಹೊತ್ತು ಏದುವ ಎತ್ತು, ಗಾಡಿಗೆ ಕಟ್ಟಿದರೆ ಅದರ ಹಲವು ಪಟ್ಟು ಭಾರವನ್ನು ಸಾಗಿಸುತ್ತದೆ. ಗಾಡಿಯವರ ಬಾಯಲ್ಲಿ ಇನ್ನೆರಡು ಒಳ್ಳೆಯ ಮಾತುಗಳಿವೆ: ಮುಂಭಾರ, ಹಿಂಭಾರ. ಮೂಟೆಗಳನ್ನು ಮುಂದಕ್ಕೆ ಪೇರಿಸಿದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಪೇರಿಸಿದರೆ ಮೂಕಿ ಮೇಲಕ್ಕೆದ್ದು ಕೊರಳಹಗ್ಗ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಏರಿನಲ್ಲಿ ಹಿಂಭಾರವಾದ ಗಾಡಿ ಎತ್ತುಗಳನ್ನು ನೇತುಹಾಕಿದಂತೆ ಹಿಂದಕ್ಕೆ ಮಗುಚಿಕೊಳ್ಳುವುದೂ ಉಂಟು. ಓದು ಬರಹ ಬಾರದ ರೈತನು ಗಾಡಿ ತುಂಬಿ ಮೂಕಿಯನ್ನು ಒಂದು ಸಲ ಕೈಯಲ್ಲಿ ಎತ್ತಿ ನೋಡಿ, ಒಂದು ಮೂಟೆಯನ್ನು ಒಂದು ಮೊಳ ಮುಂದಕ್ಕೆ ಸರಿಸುತ್ತಿದ್ದನು.

ಇನ್ನೊಂದು ಸಣ್ಣ ವಸ್ತುವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಗಾಲಿ ಅಚ್ಚಿನಿಂದ ಕಳಚಿಕೊಳ್ಳದಂತೆ ಅಚ್ಚಿನ ತುದಿಯ ತೂತಿನಲ್ಲಿ ಸಿಕ್ಕಿಸುವ ಕೀಲಿಗೆ ಕಡಾಣಿ ಎಂದು ಹೆಸರು. ಕಡೆಗೀಲು ಎಂದೂ ಅನ್ನುವುದುಂಟು. ಬೆರಳುದ್ದದ ಕಬ್ಬಿಣ. ಅದು ಜಾರಿದರೆ ಗಾಡಿ ಮುಗಿಯಿತು.

ಗಾಡಿಯ ಮೇಲೆ ಗಾಡಿಯನ್ನು ಹೇರುವ ಪ್ರಸಂಗ ನಮ್ಮ ಪ್ರಾಂತಕ್ಕೆ ಯಾವಾಗ ಬಂದಿತು? ಬೆಟ್ಟದ ನಂದಿದುರ್ಗವನ್ನು ೧೭೯೧ನೆಯ ಅಕ್ಟೋಬರ್ ೧೯ರಂದು ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ಕಾವಲಿನವರಿಂದ ಹಿಡಿದುಕೊಂಡಾಗ, ಸುಮಾರು ಮೂರು ವಾರಗಳ ಮುತ್ತಿಗೆಯಲ್ಲಿ ಅವರಿಗೆ ಹೆಚ್ಚು ಬೆವರು ಹರಿಸಿದ್ದು ಗಾಲಿಯುಳ್ಳ ಫಿರಂಗಿಗಳನ್ನು ಗಾಲಿ ಉರುಳದ ಕಡಿದಾದ ಇಳಿಜಾರಿನ ಮೇಲಕ್ಕೆ ಸಾಗಿಸಿದ ಕೆಲಸ. ಇದನ್ನು ನಮ್ಮ ಕಥೆಗೆ ಪೀಠಿಕೆಯೆಂದು ಬೇಕಾದರೆ ಎಣಿಸಿಕೊಳ್ಳಿ. ನಿಜವಾದ ಆರಂಭ ರೈಲಿನಿಂದ. ಮದರಾಸಿನ ಕಡೆಯಿಂದ ಬಂದ ರೈಲುದಾರಿ ೧೮೬೪ರಲ್ಲಿ ಬೆಂಗಳೂರನ್ನು ಮುಟ್ಟಿತು. ಆ ದಾರಿಯ ಮೇಲಿನ ಒಂದು ನಿಲ್ದಾಣದ ಸುತ್ತ ಬೆಳೆದ ಪೇಟೆಗೆ, ೧೮೬೨ರಿಂದ ೧೮೭೦ರವರೆಗೆ ಕಮೀಷನರಾಗಿದ್ದ ಲೆವಿನ್ ಬೌರಿಂಗರ ಹೆಸರಿನಿಂದ ಬೌರಿಂಗ್ ಪೇಟೆ ಎಂದಾಯಿತು. ಈಗಿನ ಬಂಗಾರಪೇಟೆ ಅದೇ. ಮೈಕೇಲ್ ಲವೆಲ್ ಎಂಬಾತನು ೧೮೭೫ರಲ್ಲಿ ಮೈಸೂರು ಸರ್ಕಾರದಿಂದ ಗಣಿ ತೋಡುವ ಹಕ್ಕನ್ನು ಪಡೆದನು. ೧೮೮೦ರ ಅನಂತರ ಜಾನ್ ಟೇಲರ್ ಮನೆತನದ ಆಡಳಿತದಲ್ಲಿ ಗಣಿಗಳು ಊರ್ಜಿತವಾದುವು. ಗಣಿಗೆ ಯಂತ್ರ ಬೇಕು, ಮರ ಬೇಕು, ಕಲ್ಲಿದ್ದಲು ಬೇಕು. ಇವೆಲ್ಲ ಬೌರಿಂಗ್ ಪೇಟೆಯಲ್ಲಿ ಇಳಿದು ಎತ್ತಿನ ಗಾಡಿಗಳಲ್ಲಿ ಹತ್ತು ಮೈಲಿ ಹೋಗಬೇಕಾಗಿದ್ದಿತು. ೧೮೯೪ರಲ್ಲಿ ಮಾರಿಕುಪ್ಪದವರೆಗೆ ಕವಲುದಾರಿ ಬಂದು ಆ ಗಾಡಿಗಳ ಕೆಲಸ ತಪ್ಪಿತು.

ಇನ್ನು ಸೈಕಲ್ಲು. ಜರ್ಮನಿಯ ಕಾರ್ಲ್ ಡ್ರೈಸನು ೧೮೧೭ರಲ್ಲಿ ಒಂದರ ಹಿಂದೊಂದು ಎರಡು ಗಾಲಿಗಳ ವಾಹನವನ್ನು ಮಾಡಿ, ಕಾಲಿನಿಂದ ನೆಲವನ್ನು ಒದೆಯುತ್ತ ಓಡಿಸಿ ತೋರಿಸಿದನು. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ೧೮೮೫ರಲ್ಲಿ ಸಮನಾದ ಎರಡು ಗಾಲಿ, ಹಿಂದಿನ ಗಾಲಿಗೆ ಸರಪಣಿಗಳುಳ್ಳ ರೋವರ್ ಸೈಕಲ್ಲನ್ನು ಹೊರತಂದನು. ೧೮೮೮ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ಕೊಟ್ಟನು. ಇಂದು ನಿಮ್ಮ ಮನೆಯ ಮುಂದೆ ನಿಂತಿರುವ ಸೈಕಲ್ಲಿಗೂ ಸ್ಟಾರ್ಲಿಯದಕ್ಕೂ ಮೂಲರೂಪದಲ್ಲಿ ಹೆಚ್ಚಿನ ಭೇದವಿಲ್ಲ. ನಮ್ಮ ಗಣಿಗಳೂ ಸೈಕಲ್ಲೂ ಹೀಗೆ ಒಂದೇ ಕಾಲದ ಶಿಶುಗಳು. ಎರಡಕ್ಕೂ ದೀಪವೂ ಒಂದೇ ಬಗೆಯದಿತ್ತು: ನೀರು ತೊಟ್ಟಿಕ್ಕಿದರೆ ಅನಿಲ ಹುಟ್ಟಿ ಉರಿಯುವ ಕಾರ್ಬೈಡು ದೀಪವನ್ನು ರಾತ್ರಿಯ ಸೈಕಲ್ ಸವಾರರೂ ಕಟ್ಟಿಕೊಳ್ಳುತ್ತಿದ್ದರು, ಗಣಿಗಳೊಳಕ್ಕೆ ಇಳಿಯುವವರೂ ಹಿಡಿಯುತ್ತಿದ್ದರು.

ಸ್ವಾತಂತ್ರ್ಯಾನಂತರ ಸೈಕಲ್ಲು ನಮ್ಮ ದೇಶದಲ್ಲಿಯೇ ಹೇರಳವಾಗಿ ತಯಾರಾಗತೊಡಗಿತು. ಮದರಾಸಿನ ಬಳಿ ಅಂಬತ್ತೂರಿನ ಟಿ.ಐ. ಕಾರ್ಖಾನೆ ೧೯೪೯ರದು, ಸೋನೆಪತ್ತಿನ ಅಟ್ಲಾಸ್ ೧೯೫೧ರದು, ಲೂಧಿಯಾನದ ಹೀರೋ ೧೯೫೬ರದು. ಗುಮಾಸ್ತ, ಉಪಾಧ್ಯಾಯ, ಅಂಚೆಯವ, ಹಾಲಿನವ, ಫಿಟ್ಟರು, ಇವರೆಲ್ಲರ ಸಂಸಾರವನ್ನು ಒಂದು ಕಾಲದಲ್ಲಿ ಸೈಕಲ್ಲೇ ಹೊತ್ತಿತು. ಮುಂದಿನ ಕೊಳವೆಯ ಮೇಲೆ ಮಗು, ಹಿಂದಿನ ಕ್ಯಾರಿಯರಿನ ಮೇಲೆ ಹೆಂಡತಿ, ಹ್ಯಾಂಡಲಿಗೆ ತರಕಾರಿ ಚೀಲ. ಈಗ ಕಾರು ಸೈಕಲ್ಲನ್ನು ಹೊರುತ್ತಿದ್ದರೆ ಅದನ್ನು ಹಳೆಯ ಸಾಲ ತೀರಿಸುವುದೆಂದೇ ನಾನು ತಿಳಿಯುತ್ತೇನೆ.

ಸೈಕಲ್ಲನ್ನು ದೂರದೂರಿಗೆ ಒಯ್ಯಬೇಕಾದರೆ ಆಗ ಎರಡು ಮಾರ್ಗಗಳಿದ್ದುವು. ಒಂದು ಬಸ್ಸಿನ ಟಾಪು. ಹಿಂದಿನ ಏಣಿಯನ್ನು ಹತ್ತಿ, ಒಬ್ಬ ಮೇಲಿನಿಂದ ಎಳೆದು, ಇನ್ನೊಬ್ಬ ಕೆಳಗಿನಿಂದ ನೂಕಿ, ಹಲಸಿನಹಣ್ಣಿನ ಮೂಟೆಗಳ ಪಕ್ಕದಲ್ಲಿ ಸೈಕಲ್ಲನ್ನು ಮಲಗಿಸಿ ಹುರಿಹಗ್ಗದಿಂದ ಬಿಗಿಯುವುದು. ಇಳಿಸಿದಾಗ ಪೆಡಲು ಬಾಗಿದೆಯೋ ಕಡ್ಡಿ ಮುರಿದಿದೆಯೋ ಎಂದು ನೋಡಿಕೊಳ್ಳುವುದು ಒಡೆಯನ ಪಾಲಿಗೆ ಬಿಟ್ಟದ್ದು. ಇನ್ನೊಂದು ರೈಲಿನ ಬ್ರೇಕ್ ವ್ಯಾನು. ಹೆಸರು ವಿಳಾಸಗಳ ಚೀಟಿ ಕಟ್ಟಿ, ಹಣ ಕಟ್ಟಿ, ರಸೀತಿ ಪಡೆದು ಕಳುಹಿಸುವ ಕ್ರಮ.

ಗಣಿಯ ನಂದಿದುರ್ಗದಿಂದ ಬೆಟ್ಟದ ನಂದಿದುರ್ಗಕ್ಕೆ ರೈಲಿನಲ್ಲಿ ಸೈಕಲ್ಲನ್ನು ಒಯ್ಯುವವನ ಪಾಡನ್ನು ಸ್ವಲ್ಪ ಯೋಚಿಸಿರಿ. ಊರಿಗಾಂ ನಿಲ್ದಾಣದಲ್ಲಿ ಹತ್ತಿದರೆ ಬಂಗಾರಪೇಟೆಯವರೆಗೆ ಐದೂವರೆ ಅಡಿ ಅಗಲದ ದೊಡ್ಡ ಹಳಿ. ಅಲ್ಲಿಂದ ಮುಂದಕ್ಕೆ ಎರಡೂವರೆ ಅಡಿಯ ಪುಟ್ಟ ಹಳಿ. ೧೯೧೩ರಲ್ಲಿ ಬೌರಿಂಗ್ ಪೇಟೆಯಿಂದ ಕೋಲಾರಕ್ಕೆ ಈ ಪುಟ್ಟ ರೈಲು ಬಂದು, ಮುಂದೆ ಕೆಲವು ವರ್ಷಗಳಲ್ಲಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ನಂದಿ, ದೇವನಹಳ್ಳಿಗಳ ಮೇಲೆ ಯಲಹಂಕದವರೆಗಿನ ಮಾರ್ಗ ಪೂರ್ಣವಾಯಿತು. ಒಂದು ಹಳಿಯ ಡಬ್ಬಿ ಇನ್ನೊಂದು ಹಳಿಯ ಮೇಲೆ ಹೋಗಲಾರದು. ಆದುದರಿಂದ ಬಂಗಾರಪೇಟೆಯಲ್ಲಿ ಮೂಟೆ, ಪೆಟ್ಟಿಗೆ, ಸೈಕಲ್ಲು ಎಲ್ಲವನ್ನೂ ಕೂಲಿಗಳು ಒಂದರಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಸಾಮಾನಿಗೆ ಏಟು ಬೀಳುವುದು ಓಟದಲ್ಲಿ ಕಡಿಮೆ, ಹೀಗೆ ಏರಿಸಿ ಇಳಿಸುವಲ್ಲಿ ಹೆಚ್ಚು. ಈ ಪುಟ್ಟ ಹಳಿಗಳನ್ನು ದೊಡ್ಡವನ್ನಾಗಿ ಮಾಡುವ ಕೆಲಸ ೧೯೯೦ರ ದಶಕದಲ್ಲಿ ಮೊದಲಾಗಿ, ಕೋಲಾರ ಚಿಕ್ಕಬಳ್ಳಾಪುರಗಳ ನಡುವಿನ ಕೊನೆಯ ತುಂಡು ೨೦೧೩ರಲ್ಲಿ ಮುಗಿಯಿತು. ಬೆಟ್ಟದ ಬುಡದ ನಂದಿ ನಿಲ್ದಾಣದ ಹಳೆಯ ಕಟ್ಟಡ ಇಂದಿಗೂ ಚೆಲುವಾಗಿ ನಿಂತಿದೆ.

ವಾಹನವನ್ನು ವಾಹನದ ಮೇಲೆ ಒಯ್ಯುವ ಈ ತೊಡಕನ್ನು ಸೈನ್ಯಗಳು ಬೇರೊಂದು ಬಗೆಯಲ್ಲಿ ಬಿಡಿಸಿದುವು. ಇಟಲಿಯ ಪದಾತಿಗಳು ಮೊದಲನೆಯ ಮಹಾಯುದ್ಧದಲ್ಲಿ ಮಡಿಸುವ ಸೈಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಿದರು. ಎರಡನೆಯ ಯುದ್ಧದಲ್ಲಿ ಬ್ರಿಟಿಷ್ ಛತ್ರೀಸೈನಿಕರಿಗಾಗಿ ಬಿ.ಎಸ್.ಎ. ಕಂಪನಿ ಅಂತಹವನ್ನು ಸಾವಿರಗಟ್ಟಲೆ ಮಾಡಿತು. ಮನೆಯ ಬಳಕೆಗೆ ಬೇಕಾದದ್ದು ಅಂತಹ ಸಾಹಸವಲ್ಲವಷ್ಟೆ.

ಕಾರಿನ ಬೆನ್ನೇ ಭಾರ ಹೊರುವ ತಾಣವೆಂಬುದು ಹೊಸ ವಿಚಾರವೇನಲ್ಲ. ೧೯೨೦–೩೦ರ ಕಾರುಗಳ ಹಿಂದೆ ಮಡಿಸುವ ಕಬ್ಬಿಣದ ತಟ್ಟಿಯೊಂದಿದ್ದು, ಪ್ರಯಾಣದ ಟ್ರಂಕನ್ನು ಅದರ ಮೇಲಿಟ್ಟು ಪಟ್ಟಿಯಿಂದ ಬಿಗಿಯುತ್ತಿದ್ದರು. ಅಮೆರಿಕದವರು ಕಾರಿನ ಹಿಂದಿನ ಗೂಡಿಗೆ ಇಂದಿಗೂ ಟ್ರಂಕು ಎನ್ನುವುದು ಇದರಿಂದಲೇ. ನಾವು ಡಿಕ್ಕಿ ಎನ್ನುತ್ತೇವೆ. ಕುದುರೆ ಸಾರೋಟಿನ ಹಿಂಬದಿಯಲ್ಲಿ ಸೇವಕನು ಕೂರುತ್ತಿದ್ದ ಪೀಠದ ಹೆಸರು ಅದು. ಅನಂತರ ಕಾರಿನ ಹಿಂದೆ ತೆರೆದು ಮುಚ್ಚುವ ಹೆಚ್ಚಿನ ಪೀಠಕ್ಕೆ ಬಂದು, ಪೀಠ ಹೋದ ಮೇಲೂ ಹೆಸರು ಅಲ್ಲಿಯೇ ಉಳಿಯಿತು. ಅಂದಿನ ಸೇವಕನ ಜಾಗದಲ್ಲಿ ಇಂದು ನಮ್ಮ ತರಕಾರಿ ಪ್ರಯಾಣ ಮಾಡುತ್ತಿದೆ. ರ್ಯಾಕು ತಯಾರಿಸುವವರ ಕಥೆಯಲ್ಲಿಯೂ ಒಂದು ಸ್ವಾರಸ್ಯವುಂಟು. ಇಂದು ಈ ಸಾಮಾನಿಗೆ ಹೆಸರಾದ ಸ್ವೀಡನ್ನಿನ ಥೂಲೆ ಕಂಪನಿಯನ್ನು ೧೯೪೨ರಲ್ಲಿ ಎರಿಕ್ ತುಲಿನ್ ಎಂಬುವನು ಆರಂಭಿಸಿದ್ದು ಬೆಸ್ತರಿಗೆ ಮೀನು ಹಿಡಿಯುವ ಸಾಧನ ಮಾಡಿಕೊಡಲು.

ಕಾರಿನ ಹಿಂದಿನ ಕೊಂಡಿ ಹುಟ್ಟಿದ್ದು ಟ್ರೇಲರುಗಳನ್ನು ಎಳೆಯಲು. ಯೂರೋಪಿನಲ್ಲಿ ಅದು ಐವತ್ತು ಮಿಲಿಮೀಟರಿನ ಉಕ್ಕಿನ ಗುಂಡು. ಅಮೆರಿಕದಲ್ಲಿ ಕಾರಿನ ಅಡಿಗೆ ಬೆಸೆದ ಅಡ್ಡಪಟ್ಟಿಯ ನಡುವಿನ ಚೌಕಾಕಾರದ ಕೊಳವೆ, ಒಳ ಅಳತೆ ಎರಡು ಅಂಗುಲ, ಸಣ್ಣ ಕಾರುಗಳಿಗೆ ಒಂದೂಕಾಲು ಅಂಗುಲ. ರ್ಯಾಕಿನ ಕಂಬವನ್ನು ಆ ಕೊಳವೆಯೊಳಕ್ಕೆ ತೂರಿಸಿ ಅಡ್ಡಕೀಲು ಹಾಕುವುದು. ಇಲ್ಲಿಯೇ ಬಹು ಜನರು ಎಡವುತ್ತಾರೆ. ರಾಬರ್ಟ್‌ಸನ್ ಪೇಟೆಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನೊಡನೆ ಈ ಮಾತು ಬಂದಿತು.

“ಈ ಕೊಂಡಿ ಮುಕ್ಕಾಲು ಟನ್ನು ಎಳೀತದೆ ಮೇಷ್ಟ್ರೇ. ಎರಡು ಸೈಕಲ್ ಯಾವ ಲೆಕ್ಕ?” ಎಂದನು.

“ನಿಮ್ಮ ತಾತನ ಎತ್ತು ಗಾಡಿ ಕಟ್ಟಿದರೆ ಎಷ್ಟು ಮೂಟೆ ಎಳೆಯುತ್ತಿತ್ತಪ್ಪ?”

“ಜೋಡಿ ಕಟ್ಟಿದ್ರೆ ಹತ್ತರ ಮೇಲೇನೇ.”

“ಬೆನ್ನ ಮೇಲೆ ಹೇರಿದರೆ?”

ಅವನು ಸ್ವಲ್ಪ ಹೊತ್ತು ಕೊಂಡಿಯನ್ನೇ ನೋಡಿ, “ಅದು ಬೇರೆ ಲೆಕ್ಕ ಮೇಷ್ಟ್ರೇ” ಎಂದು ಕಾರಿನ ಅಡಿಗೆ ಬಗ್ಗಿ ತಯಾರಕರ ಚೀಟಿಯನ್ನು ಹುಡುಕತೊಡಗಿದನು.

ಇದೇ ಮೊದಲನೆಯ ವಿವೇಕ. ಟ್ರೇಲರಿನ ಭಾರವನ್ನು ಟ್ರೇಲರಿನ ಗಾಲಿಗಳೇ ಹೊರುತ್ತವೆ. ಕೊಂಡಿಯ ಮೇಲೆ ನೇರವಾಗಿ ಕೂರುವುದು ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ರ್ಯಾಕಿಗೆ ಗಾಲಿಯಿಲ್ಲ. ಅದರ ಪೂರ್ಣ ಭಾರ ಕೊಂಡಿಯ ಮೇಲೆಯೇ, ಅದೂ ಹಿಂದಕ್ಕೆ ಚಾಚಿಕೊಂಡು. ಎಳೆಯುವುದಕ್ಕೆಂದು ಮಾಡಿದ ನೊಗವನ್ನು ನಾವು ಹೇರೆತ್ತಿನ ಕೆಲಸಕ್ಕೆ ಹಚ್ಚುತ್ತಿದ್ದೇವೆ. ಆದುದರಿಂದ ಕೊಂಡಿ ಎಷ್ಟು ಎಳೆಯುತ್ತದೆಯೆಂದು ಕೇಳಬೇಡಿ. ತನ್ನ ಮೇಲೆ ನೇರವಾಗಿ ಎಷ್ಟು ಕಿಲೋ ಹೊರಬಲ್ಲದೆಂದು ಕೇಳಿ. ಈ ಅಂಕಿ ಕೊಂಡಿಯ ಚೀಟಿಯಲ್ಲಿಯೂ ಕಾರಿನ ಕೈಪಿಡಿಯಲ್ಲಿಯೂ ಇರಬೇಕು. ಎರಡು ಅಂಕಿಗಳು ಬೇರೆಯಾದರೆ ಸಣ್ಣದೇ ನಿಮ್ಮದು. ನಮ್ಮ ದೇಶದ ಚಿಕ್ಕ ಕಾರುಗಳಲ್ಲಿ ತಯಾರಕರೇ ಕೂಡಿಸಿದ ಕೊಂಡಿ ಅಪರೂಪ. ಪೇಟೆಯಲ್ಲಿ ಬಂಪರಿನ ಹಿಂದೆ ಎರಡು ಬೋಲ್ಟು ಬಿಗಿದು ಕೂಡಿಸುವ ಅಲಂಕಾರದ ಕೊಂಡಿಗೆ ಸೈಕಲ್ಲನ್ನು ನಂಬಿಕೊಡುವುದು ಸರ್ವಥಾ ಕೂಡದು. ಕಾರಿನ ಅಡಿಯ ಮುಖ್ಯ ಚೌಕಟ್ಟಿಗೆ ಸೇರಿದ್ದಾದರೆ ಮಾತ್ರ ಮುಂದಿನ ಮಾತು. ಕಾರಿನ ತಯಾರಕರು ಬೇಡವೆಂದರೆ ಅಲ್ಲಿಗೆ ಬಿಟ್ಟುಬಿಡುವುದು ಲೇಸು.

ಎರಡನೆಯದು ಹಿಂಭಾರ. ಒಂದು ಲೆಕ್ಕ ಮಾಡೋಣ, ಮಕ್ಕಳನ್ನೂ ಕೂರಿಸಿಕೊಳ್ಳಿ. ಕ್ಯಾರಿಯರು, ಸ್ಟ್ಯಾಂಡು, ಮಡ್‌ಗಾರ್ಡುಗಳುಳ್ಳ ಹಳೆಯ ಬಗೆಯ ಸೈಕಲ್ಲು ಒಂದಕ್ಕೆ ೧೮ ಕಿಲೋ ಎಂದರೆ ಎರಡಕ್ಕೆ ೩೬. ರ್ಯಾಕಿಗೆ ೧೪ ಸೇರಿಸಿ, ಒಟ್ಟು ೫೦. ಕಾರಿನ ಎರಡು ಅಚ್ಚುಗಳ ನಡುವಣ ದೂರ ೨.೪ ಮೀಟರು ಇರಲಿ. ಸೈಕಲ್ಲುಗಳ ಭಾರದ ನಡುನೆಲೆ ಹಿಂದಿನ ಅಚ್ಚಿನಿಂದ ೧.೨ ಮೀಟರು ಹಿಂದಕ್ಕೆ ಬಂದರೆ, ಹಿಂದಿನ ಅಚ್ಚಿನ ಮೇಲೆ ಹೆಚ್ಚುವ ಭಾರ ಐವತ್ತಲ್ಲ, ೭೫ ಕಿಲೋ. ಮುಂದಿನ ಅಚ್ಚಿನಿಂದ ೨೫ ಕಿಲೋ ಮೇಲಕ್ಕೆದ್ದು ಹೋಗುತ್ತದೆ. ಏತದ ಲೆಕ್ಕವೇ ಇದು. ಕಾರನ್ನು ತಿರುಗಿಸುವುದು ಮುಂದಿನ ಗಾಲಿಗಳು. ಅವು ನೆಲವನ್ನು ಹಗುರವಾಗಿ ಹಿಡಿದರೆ ತಿರುವಿನಲ್ಲಿ ಏನಾದೀತೆಂದು ಗಾಡಿ ಹೊಡೆದವರಿಗೆ ಹೇಳಬೇಕಾದುದಿಲ್ಲ. ಡಿಕ್ಕಿಯಲ್ಲಿಯೂ ಸಾಮಾನು ತುಂಬಿ, ಹಿಂದಿನ ಸೀಟಿನಲ್ಲಿ ಮೂವರು ಕೂತು, ಅದರ ಹಿಂದೆ ಮೂರು ಸೈಕಲ್ಲು ಕಟ್ಟಿದವರ ಕಾರಿನ ದೀಪಗಳು ರಾತ್ರಿ ಮರದ ಕೊಂಬೆಗಳನ್ನು ಬೆಳಗುತ್ತ ಹೋಗುತ್ತವೆ. ಸಾಮಾನನ್ನು ಮುಂದಕ್ಕೆ ತನ್ನಿ. ಭಾರವಾದ ಸೈಕಲ್ಲನ್ನು ಕಾರಿಗೆ ಹತ್ತಿರದ ತಾಣದಲ್ಲಿಡಿ, ಹಗುರವಾದುದನ್ನು ಆಚೆಗೆ.

ಈ ಐವತ್ತು ಕಿಲೋ ನಿಂತ ಕಾರಿನ ಮಾತು. ಗುಂಡಿಯಲ್ಲಿ ಗಾಲಿ ಇಳಿದೆದ್ದಾಗ ಅದೇ ಭಾರ ಎಷ್ಟೋ ಪಟ್ಟಾಗಿ ಕೊಂಡಿಯನ್ನು ಜಗ್ಗುತ್ತದೆ. ನಮ್ಮ ಗಣಿಯವರಿಗೆ ಇದು ಗೊತ್ತಿದ್ದ ವಿದ್ಯೆ. ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಜನರು ಇಳಿಯುತ್ತಿದ್ದರು. ಅವರ ಪಂಜರವನ್ನು ತೂಗಿಸಿದ ಉಕ್ಕಿನ ಹಗ್ಗವನ್ನು, ಅದಕ್ಕೂ ಪಂಜರಕ್ಕೂ ನಡುವಣ ಕೊಂಡಿಯನ್ನು, ಹೊರಬೇಕಾದ ಭಾರಕ್ಕಿಂತ ಹಲವು ಪಟ್ಟು ಬಲವುಳ್ಳದ್ದಾಗಿ ಆರಿಸಿ, ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರು. ಸಾಕಾಗುವಷ್ಟು ಎಂಬ ಮಾತು ಅಲ್ಲಿ ಸಾಲುತ್ತಿರಲಿಲ್ಲ. ಕೊಂಡಿ ೫೦ ಕಿಲೋ ಹೊರುವುದೆಂದಿದ್ದರೆ ಸರಿಯಾಗಿ ೫೦ ಕಿಲೋ ಹೇರಬೇಡಿ.

ರ್ಯಾಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಎರಡು ತೋಳು ಚಾಚಿ ಸೈಕಲ್ಲಿನ ಮೇಲಿನ ಕೊಳವೆಯನ್ನು ಹಿಡಿದು ತೂಗುಹಾಕುವುದು ಒಂದು. ಸೈಕಲ್ಲಿನ ಗಾಲಿಗಳನ್ನು ದೋಣಿಯಂತಹ ತಟ್ಟೆಯಲ್ಲಿ ನಿಲ್ಲಿಸಿ ಕಟ್ಟುವುದು ಇನ್ನೊಂದು. ತೂಗುವುದು ಹಗುರ, ಬೆಲೆಯೂ ಕಡಿಮೆ. ಆದರೆ ಸೈಕಲ್ಲುಗಳು ಓಲಾಡಿ ಒಂದನ್ನೊಂದು ಉಜ್ಜುತ್ತವೆ; ಹೆಂಗಸರ ಸೈಕಲ್ಲಿಗೆ ಮೇಲಿನ ಕೊಳವೆಯೇ ಇಲ್ಲದ್ದರಿಂದ ಅಡ್ಡಕೋಲೊಂದನ್ನು ಬೇರೆ ಕೊಳ್ಳಬೇಕು. ನಿಲ್ಲಿಸುವ ಬಗೆ ತಾನೇ ಭಾರ, ಬೆಲೆಯೂ ಹೆಚ್ಚು; ಆದರೂ ಹೇರಿನ ಧರ್ಮವನ್ನು ಅದೇ ಚೆನ್ನಾಗಿ ಪಾಲಿಸುತ್ತದೆಂದು ನನ್ನ ಅಭಿಪ್ರಾಯ. ಬ್ಯಾಟರಿ ಸೈಕಲ್ಲಿಗಂತೂ ಬೇರೆ ದಾರಿಯಿಲ್ಲ. ಅದು ೨೦ ಕಿಲೋಗೂ ಮೀರುವುದುಂಟು. ಬ್ಯಾಟರಿಯನ್ನು ಕಳಚಿ ಕಾರಿನೊಳಗೆ ಇಟ್ಟುಕೊಂಡರೆ ಒಂದೆರಡು ಕಿಲೋ ಇಳಿಯುತ್ತದೆ. ರ್ಯಾಕಿಗೆ ಒಟ್ಟು ಭಾರದ ಮಿತಿಯಲ್ಲದೆ ಒಂದೊಂದು ಸೈಕಲ್ಲಿಗೂ ಬೇರೆ ಮಿತಿಯಿರುತ್ತದೆ, ಎರಡನ್ನೂ ಓದಿರಿ. ಕೊಳ್ಳುವ ಮುನ್ನ ಇನ್ನೊಂದು ಸಂಗತಿ. ಮುಂದಿನ ಗಾಲಿಯನ್ನು ಮೇಲಿನಿಂದ ಒತ್ತಿ ಹಿಡಿಯುವ ಕೊಕ್ಕೆ ಕೆಲವುಗಳಲ್ಲಿ ಇರುತ್ತದೆ. ಪರದೇಶದ ಬರಿಗಾಲಿಯ ಸೈಕಲ್ಲನ್ನು ಮನಸ್ಸಿನಲ್ಲಿಟ್ಟು ಮಾಡಿದ್ದದು. ನಮ್ಮ ತಗಡಿನ ಮಡ್‌ಗಾರ್ಡನ್ನು ಅದು ಅಪ್ಪಳದಂತೆ ಅಮುಕುತ್ತದೆ. ಸಾಧ್ಯವಾದರೆ ನಿಮ್ಮ ಸೈಕಲ್ಲನ್ನೇ ಅಂಗಡಿಗೆ ಒಯ್ದು ಕೂರಿಸಿ ನೋಡಿ.

ಕಾರಿನ ಮಾಳಿಗೆಯ ಮೇಲೆ ಕಟ್ಟುವ ರ್ಯಾಕು ಹಿಂಭಾರ ಮಾಡುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ೧೮ ಕಿಲೋವನ್ನು ತಲೆಯ ಮೇಲಕ್ಕೆತ್ತುವ ತೋಳು ಬೇಕು. ಮೇಲೆ ಸೈಕಲ್ಲಿರುವುದನ್ನು ಮರೆತು ತಗ್ಗಾದ ಕಮಾನಿನೊಳಕ್ಕೆ ನುಗ್ಗಿಸುವವರೂ ಉಂಟು. ಡಿಕ್ಕಿಯ ಮುಚ್ಚಳಕ್ಕೆ ಪಟ್ಟಿಗಳಿಂದ ಬಿಗಿಯುವ ಬಗೆ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ. ಹಗುರವಾದ ಒಂದೆರಡು ಸೈಕಲ್ಲಿಗೆ, ಹತ್ತಿರದ ದಾರಿಗೆ ಆಗಬಹುದು. ಪಟ್ಟಿ ಸಡಿಲವಾಗುವುದನ್ನು ಮಾತ್ರ ದಾರಿಯುದ್ದಕ್ಕೂ ಕಾಯುತ್ತಿರಬೇಕು.

ಮೂರನೆಯದು ಕಡಾಣಿ. ಕೊಳವೆಗೆ ಹಾಕುವ ಅಡ್ಡಕೀಲು, ಅದು ಜಾರದಂತೆ ತುದಿಗೆ ಹಾಕುವ ಚಿಮ್ಮಟಿಗೆ, ಇವೆರಡೂ ರ್ಯಾಕಿನ ಜೊತೆಗೆ ಬಂದವೇ ಆಗಿರಲಿ. ಕಳೆದುಹೋಯಿತೆಂದು ಮೊಳೆ ಸಿಕ್ಕಿಸಿಕೊಂಡು ಹೊರಡಬೇಡಿ. ಕಂಬ ಕೊಳವೆಯೊಳಗೆ ಕಿಂಚಿತ್ತಾದರೂ ಸಡಿಲವಿರುತ್ತದೆ. ಹತ್ತಿರ ಅಲುಗಿದ್ದು ತುದಿಯಲ್ಲಿ ಗೇಣಾಗುತ್ತದೆ. ಅದನ್ನು ಬಿಗಿಗೊಳಿಸುವ ತಿರುಪು ಒಳ್ಳೆಯ ರ್ಯಾಕುಗಳಲ್ಲಿ ಇರುತ್ತದೆ, ಇಲ್ಲದ್ದನ್ನು ಕೊಳ್ಳಬೇಡಿ. ಕಟ್ಟಿದ ಮೇಲೆ ಸೈಕಲ್ಲನ್ನು ಹಿಡಿದು ಬಲವಾಗಿ ಅಲ್ಲಾಡಿಸಿ. ಇಡೀ ಕಾರು ಅಲ್ಲಾಡಿದರೆ ಸರಿ, ಸೈಕಲ್ಲು ಮಾತ್ರ ಅಲ್ಲಾಡಿದರೆ ಮತ್ತೆ ಬಿಗಿಯಿರಿ. ಹತ್ತು ಕಿಲೋಮೀಟರು ಹೋದ ಮೇಲೆ ಒಮ್ಮೆ ನಿಲ್ಲಿಸಿ ನೋಡುವುದನ್ನು ತಪ್ಪಿಸಬೇಡಿ. ಗಣಿ ಕಡೆಯಿಂದ ಹೊರಟವರಿಗೆ ಬಂಗಾರಪೇಟೆ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಹ ದೂರದಲ್ಲಿದೆ, ಕಾಫಿಯೂ ಆಗುತ್ತದೆ.

ಇಷ್ಟು ಕಟ್ಟುನಿಟ್ಟೇಕೆಂದರೆ, ಕಳಚಿದ ಸೈಕಲ್ಲು ಬೀಳುವುದು ನಿಮ್ಮ ಮೇಲಲ್ಲ. ಹಿಂದೆ ಬರುತ್ತಿರುವವನ ಮೇಲೆ. ನಮ್ಮ ರಸ್ತೆಗಳಲ್ಲಿ ಬೆಳಗಿನ ಜಾವ ಕಾರಿನ ಹಿಂದೆ ಬರುವವನು ಬಹುಮಟ್ಟಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನವನೋ, ಮಾರುಕಟ್ಟೆಗೆ ಟೊಮೇಟೊ ಹೊತ್ತ ದ್ವಿಚಕ್ರದವನೋ ಆಗಿರುತ್ತಾನೆ. ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಿದ ಮೇಲೆ ದೂರದ ಕೆಲಸಗಳಿಗೆ ಹೋಗಬೇಕಾಗಿ ಬಂದ ನಮ್ಮೂರಿನ ಜನ ಮುಂಜಾನೆಯ ಕತ್ತಲಲ್ಲಿಯೇ ನಿಲ್ದಾಣಗಳ ಕಡೆಗೆ ಧಾವಿಸುತ್ತಾರೆ. ಅವರಲ್ಲಿ ಯಾರ ದಾರಿಗೂ ನಿಮ್ಮ ವಿನೋದ ಅಡ್ಡಬೀಳಬಾರದು.

ಅದೇ ಕಾರಣದಿಂದ ಹಿಂದಿನವನಿಗೆ ನಿಮ್ಮ ಕೆಂಪು ದೀಪ, ತಿರುವಿನ ದೀಪಗಳು ಕಾಣಬೇಕು. ಸೈಕಲ್ಲಿನ ಗಾಲಿ ಅವನ್ನು ಮರೆಮಾಡಿದರೆ ರ್ಯಾಕನ್ನು ಬದಲಿಸಿ, ಇಲ್ಲವೆ ರ್ಯಾಕಿಗೇ ಬೇರೆ ದೀಪಗಳ ಹಲಗೆ ಹಾಕಿಸಿ. ಯೂರೋಪಿನಲ್ಲಿ ಅಂತಹ ಹಲಗೆ ರ್ಯಾಕಿನ ಅಂಗವಾಗಿಯೇ ಬರುತ್ತದೆ. ೧೯೮೮ರ ಮೋಟಾರು ವಾಹನ ಕಾಯಿದೆಯನ್ನು ಅನುಸರಿಸಿದ ೧೯೮೯ರ ಕೇಂದ್ರ ನಿಯಮಗಳು ನೋಂದಣಿ ಸಂಖ್ಯೆ ಹಿಂದಿನಿಂದಲೂ ಸ್ಪಷ್ಟವಾಗಿ ಕಾಣಬೇಕೆಂದೂ ರಾತ್ರಿಯಲ್ಲಿ ಅದಕ್ಕೆ ಬೆಳಕಿರಬೇಕೆಂದೂ ವಿಧಿಸುತ್ತವೆ. ಸೈಕಲ್ಲಿನ ಕಡ್ಡಿಗಳ ಹಿಂದೆ ಅಡಗಿದ ‘ಕೆಎ ೦೮’ ನೋಡಿ ಪೋಲೀಸಿನವರು ನಿಲ್ಲಿಸಿದರೆ ಅವರದು ತಪ್ಪಲ್ಲ.

ನೆಲಕ್ಕೂ ರ್ಯಾಕಿಗೂ ಇರುವ ಎಡೆಯನ್ನು, ಎಲ್ಲರೂ ಕಾರಿನಲ್ಲಿ ಕುಳಿತ ಮೇಲೆ ಅಳೆಯಿರಿ. ಊರೂರಿನ ಬಾಗಿಲಿನಲ್ಲಿಯೂ ರಸ್ತೆಯುಬ್ಬು ಹಾಕುವ ಸೀಮೆ ನಮ್ಮದು. ಮುಂದಿನ ಗಾಲಿ, ಹಿಂದಿನ ಗಾಲಿ ಎರಡೂ ದಾಟಿದುವೆಂದು ಸಮಾಧಾನಪಡುವಷ್ಟರಲ್ಲಿ ಬಾಲ ನೆಲವನ್ನು ಕೆರೆಯುತ್ತದೆ. ಹೊಗೆಕೊಳವೆಯ ಬಾಯಿಗೆ ಸೈಕಲ್ಲಿನ ಟೈರು ನೇರವಾಗಿ ಬರದಂತೆಯೂ ನೋಡಿಕೊಳ್ಳಿ; ಬಿಸಿಗೆ ರಬ್ಬರು ಮೆತ್ತಗಾಗಿ ಬಿರಿಯುತ್ತದೆ.

ಬೆಟ್ಟದಿಂದ ಹಿಂದಿರುಗಿ ಸೈಕಲ್ಲನ್ನು ಇಳಿಸಿದ ಮೇಲೆ ಬರಿಯ ರ್ಯಾಕನ್ನು ಕಾರಿನ ಹಿಂದೆಯೇ ಬಿಟ್ಟುಕೊಂಡು ಪೇಟೆಯಲ್ಲಿ ತಿರುಗುವುದು ಬೇಡ. ಕತ್ತಲಲ್ಲಿ ಅದು ನಡೆಯುವವರ ಮೊಳಕಾಲಿಗೆ ಬಡಿಯುತ್ತದೆ. ಕಳಚಿ, ಕೊಳವೆಯ ಬಾಯಿಗೆ ಬಿರಡೆ ಹಾಕಿ, ರ್ಯಾಕಿನ ಮಣ್ಣನ್ನು ಒರಸಿ ಕೋಣೆಯ ಮೂಲೆಯಲ್ಲಿ ಒರಗಿಸಿ. ಕೀಲನ್ನು ಮಾತ್ರ ಬೇರೆ ಇಡಬೇಡಿ. ರ್ಯಾಕಿನ ತೂತಿನಲ್ಲಿಯೇ ಸಿಕ್ಕಿಸಿ, ಚಿಮ್ಮಟಿಗೆಯನ್ನೂ ಹಾಕಿಡಿ.